ಕಾರ್ನ್ ಫ್ಲೋರ್ ಖಾಲಿಯಾದಾಗ

ಮೆಕ್ಕೆಜೋಳವನ್ನು ಗಿರಣಿಗೆ ಹಾಕಿಸಿ ತಂದ ಹಳದಿ ಹಿಟ್ಟನ್ನೇ ಗೋಬಿ ಮಂಚೂರಿಯ ಗ್ರೇವಿಗೆ ಕದಡಿ ಹಾಕಿದರೆ ತರಿತರಿ ಗಂಜಿಯಾಗುತ್ತದೆ. ಅಂಗಡಿಯವರು ಕಾರ್ನ್ ಫ್ಲೋರ್ ಎಂದು ಕೊಡುವ ಬಿಳಿ ಪುಡಿಯೇ ಬೇರೆ. ಕಾಳಿನ ಸಿಪ್ಪೆ, ಮೊಳಕೆಯ ಭಾಗ, ಪ್ರೋಟೀನು ಎಲ್ಲ ತೆಗೆದ ಮೇಲೆ ಉಳಿಯುವ ಬರೀ ಪಿಷ್ಟ ಅದು. ಹಳದಿಯದು ರೊಟ್ಟಿಗೆ, ಬಿಳಿಯದು ಗಟ್ಟಿ ಮಾಡಲಿಕ್ಕೆ.

ಬಿಳಿಯದನ್ನು ಮನೆಯಲ್ಲೂ ಮಾಡಬಹುದು. ಹಾಲುಬಾಯಿಗೆ ರಾಗಿಯ ಹಾಲು ತೆಗೆದು ಅಭ್ಯಾಸವಿದ್ದವರಿಗೆ ಇದು ಹೊಸ ವಿದ್ಯೆಯೇನಲ್ಲ.

ಅರ್ಧ ಕಿಲೋ ಒಣ ಮೆಕ್ಕೆಜೋಳ ತೆಗೆದುಕೊಳ್ಳಿ. ಉತ್ತರ ಕರ್ನಾಟಕದವರ ಗೋವಿನಜೋಳ, ಮೈಸೂರು ಕಡೆಯ ಮುಸುಕಿನ ಜೋಳ ಇದೇ. ಸ್ವೀಟ್ ಕಾರ್ನ್ ಬೇಡ, ಅದರಲ್ಲಿ ಸಕ್ಕರೆ ಹೆಚ್ಚು, ಪಿಷ್ಟ ಕಡಿಮೆ. ಬಿತ್ತನೆಗೆಂದು ಬಣ್ಣ ಹಚ್ಚಿದ ಬೀಜವನ್ನಂತೂ ಮುಟ್ಟಲೇಬೇಡಿ, ಅದಕ್ಕೆ ಔಷಧಿ ಲೇಪಿಸಿರುತ್ತಾರೆ. ಬೂಷ್ಟು ಹಿಡಿದ ಕಾಳನ್ನೂ ಆರಿಸಿ ಎಸೆಯಿರಿ.

ಕಾಳನ್ನು ಒಂದೂವರೆ ದಿನ ನೆನೆಹಾಕಿ. ಏಳೆಂಟು ಗಂಟೆಗೊಮ್ಮೆ ನೀರು ಬದಲಿಸದಿದ್ದರೆ ಹುಳಿ ವಾಸನೆ ಬರುತ್ತದೆ. ಕಾಳು ಉಗುರಿಗೆ ಮೆತ್ತಗಾದ ಮೇಲೆ ಧಾರಾಳವಾಗಿ ನೀರು ಬಿಟ್ಟು ರುಬ್ಬಿ, ತೆಳುವಾದ ಹತ್ತಿ ಬಟ್ಟೆಯಲ್ಲಿ ಹಿಂಡಿ. ಉಳಿದ ಚರಟವನ್ನು ಮತ್ತೆ ನೀರು ಹಾಕಿ ರುಬ್ಬಿ ಇನ್ನೊಮ್ಮೆ ಹಿಂಡಿ, ಪಿಷ್ಟ ಅಷ್ಟು ಸುಲಭವಾಗಿ ಬಿಟ್ಟುಕೊಡುವುದಿಲ್ಲ.

ಹಾಲನ್ನು ನಾಲ್ಕೈದು ಗಂಟೆ ಅಲುಗಿಸದೆ ಬಿಡಿ. ತಳದಲ್ಲಿ ಬಿಳಿ ಪಿಷ್ಟ ಕೂರುತ್ತದೆ, ಅದರ ಮೇಲೆ ಹಳದಿ ಪದರ. ಆ ಹಳದಿಯೇ ಪ್ರೋಟೀನು. ತಿಳಿನೀರು ಬಸಿದು, ಹಳದಿ ಪದರವನ್ನು ಚಮಚದಿಂದ ಹೆರೆದು, ಹೊಸ ನೀರು ಹಾಕಿ ಕದಡಿ, ಮತ್ತೆ ಬಿಡಿ. ಎರಡು ಮೂರು ಸಲ ಹೀಗೆ ತೊಳೆದರೆ ಬಿಳುಪು ಬರುತ್ತದೆ. ತಟ್ಟೆಯಲ್ಲಿ ತೆಳುವಾಗಿ ಹರಡಿ ಬಿಸಿಲಿಗಿಟ್ಟು, ಒಣಗಿದ ಮೇಲೆ ಪುಡಿ ಮಾಡಿ ಜರಡಿ ಹಿಡಿಯಿರಿ. ಅವಸರಕ್ಕೆ ಒಲೆಯ ಮೇಲಿಟ್ಟೀರಿ ಜೋಕೆ! ಒದ್ದೆ ಪಿಷ್ಟ 60 ಡಿಗ್ರಿ ದಾಟಿದರೆ ಅಂಟಾಗುತ್ತದೆ.

ಇಷ್ಟೆಲ್ಲ ಮಾಡಿ ಸಿಗುವುದು ಸಣ್ಣ ಬಟ್ಟಲಿನಷ್ಟು. ಕುತೂಹಲಕ್ಕೆ ಒಮ್ಮೆ ಮಾಡಿ ನೋಡಿ. ಸಂಜೆ ಆರಕ್ಕೆ ಸೂಪು ಕುದಿಯುತ್ತಿರುವಾಗ ಡಬ್ಬಿ ಖಾಲಿಯಾಗಿದ್ದರೆ ಬದಲಿ ಹುಡುಕುವುದೇ ಜಾಣತನ.

ಕರಿಯುವುದಕ್ಕೆ ಅಕ್ಕಿ ಹಿಟ್ಟಿಗಿಂತ ಬೇರೆ ಬೇಡ. ಮೈದಾದ ಜೊತೆ ಬೆರೆಸಿದರೆ ಗೋಬಿ ಗರಿಗರಿಯಾಗಿಯೇ ಇರುತ್ತದೆ. ಗ್ರೇವಿಗೆ ಒಂದು ದೊಡ್ಡ ಚಮಚ ಕಾರ್ನ್ ಫ್ಲೋರ್ ಹಾಕುವ ಕಡೆ ಎರಡು ಚಮಚ ಮೈದಾ ಅಥವಾ ಅಕ್ಕಿ ಹಿಟ್ಟು ಬೇಕು, ಹಸಿ ವಾಸನೆ ಹೋಗುವವರೆಗೆ ಕುದಿಸಲೂ ಬೇಕು. ಕರಾವಳಿಯವರ ಮನೆಯಲ್ಲಿ ಕೂವೆ ಹುಡಿ (ಆರಾರೂಟ್ ಪುಡಿ) ಇದ್ದರೆ ಅದೃಷ್ಟ, ಅಳತೆಗೆ ಅಳತೆ ಸರಿಹೋಗುತ್ತದೆ, ಸಾಸು ಕನ್ನಡಿಯಂತೆ ಹೊಳೆಯುತ್ತದೆ. ಆದರೆ ಹಾಲು ಬೆರೆತ ಗ್ರೇವಿಗೆ ಅದು ಲೋಳೆಯಾಗಬಹುದು. ಸಿಹಿಗಾದರೆ ವೆನಿಲಾ ಕಸ್ಟರ್ಡ್ ಪುಡಿಯೇ ಸಾಕು, ಅದು ಬಣ್ಣ, ಪರಿಮಳ ಸೇರಿಸಿದ ಕಾರ್ನ್ ಫ್ಲೋರೇ ತಾನೆ!

ಯಾವುದನ್ನು ಹಾಕಿದರೂ ಮೊದಲು ತಣ್ಣೀರಿನಲ್ಲಿ ಕದಡಿಕೊಳ್ಳಿ. ಬಿಸಿ ಸೂಪಿಗೆ ನೇರವಾಗಿ ಉದುರಿಸಿದರೆ ಗಂಟು ಕಟ್ಟುತ್ತದೆ. ನಿಂಬೆರಸ, ವಿನೆಗರ್ ಇದ್ದರೆ ಒಲೆ ಆರಿಸಿದ ಮೇಲೆ ಹಾಕಿ. ಹುಳಿ ಸೇರಿಸಿ ಕುದಿಸಿದಷ್ಟೂ ಗಟ್ಟಿಯಾಗಿದ್ದದ್ದು ನೀರಾಗುತ್ತದೆ.