ಪಕ್ಕದಲ್ಲಿ ಒಂದು ಬಾಚಣಿಗೆ ಇಟ್ಟು ಫೋಟೋ ಕಳಿಸ್ತೀರಾ?

ಹಳೇ ಕ್ಯಾಮೆರಾ, ಹಳೇ ಲೆನ್ಸ್ ಕೊಳ್ಳುವ ಚಟ ನನಗೆ ಬಹಳ ವರ್ಷಗಳಿಂದ ಇದೆ. ಹೊಸದು ಕೊಳ್ಳುವಷ್ಟು ದುಡ್ಡಿಲ್ಲ ಅನ್ನುವುದು ಒಂದು ಕಾರಣ. ಸೆಕೆಂಡ್ ಹ್ಯಾಂಡ್ ಮಾಲು ಹುಡುಕುವುದರಲ್ಲೇ ಒಂದು ಮಜಾ ಇದೆ ಅನ್ನುವುದು ಇನ್ನೊಂದು. ಆ ಮಜಾದಲ್ಲೇ ಒಮ್ಮೆ ಚೆನ್ನಾಗಿ ಟೋಪಿ ಹಾಕಿಸಿಕೊಂಡೆ.

ಹಳೇ ಸಾಮಾನು ಮಾರುವ ಒಂದು ಆನ್‌ಲೈನ್ ತಾಣದಲ್ಲಿ ಕಂಡ ಟೆಲಿ ಲೆನ್ಸ್ ಅದು, ದೂರದ್ದನ್ನು ಹತ್ತಿರ ತೋರಿಸುವಂಥದ್ದು. ಬೆಲೆ ತೀರಾ ಕಡಿಮೆ ಏನೂ ಇರಲಿಲ್ಲ. ಅರ್ಧ ಬೆಲೆಗೆ ಹಾಕಿದ್ದರೆ ನಾನು ಹತ್ತಿರವೂ ಹೋಗುತ್ತಿರಲಿಲ್ಲ. ಮಾರುವವನು ಮಾಮೂಲಿ ಬೆಲೆಗಿಂತ ಸ್ವಲ್ಪವೇ ಇಳಿಸಿದ್ದ, ಅಷ್ಟೇ. ಮಾತು ಕೂಡ ಬಹಳ ನಯ. ಲೆನ್ಸ್ ಯಾಕೆ ಮಾರ್ತಿದ್ದೀರಿ ಅಂದರೆ ಅದಕ್ಕೊಂದು ಕಥೆ, ಎಷ್ಟು ಬಳಸಿದ್ದೀರಿ ಅಂದರೆ ಅದಕ್ಕೊಂದು ಕಥೆ. ಕೊನೆಗೆ, "ಇನ್ನೂ ಇಬ್ಬರು ಕೇಳ್ತಿದ್ದಾರೆ ಸರ್. ಸ್ವಲ್ಪ ಅಡ್ವಾನ್ಸ್ ಹಾಕಿದ್ರೆ ನಿಮಗೇ ಅಂತ ತೆಗೆದಿಡ್ತೀನಿ" ಅಂದ. ಹಾಕಿದೆ. ಮರುದಿನ ಕೊರಿಯರ್ ಖರ್ಚು ಅಂದ. ಅದನ್ನೂ ಹಾಕಿದೆ. ಆಮೇಲೆ ಪಾರ್ಸೆಲ್‌ಗೆ ಇನ್ಶೂರೆನ್ಸ್ ಮಾಡಿಸಬೇಕು, ಡೆಲಿವರಿ ಆದ ಮೇಲೆ ವಾಪಸ್ ಬರುತ್ತೆ ಅಂದ. ನಂಬಿ ಬಿಡಿ, ಅದನ್ನೂ ಹಾಕಿದೆ! ಅಷ್ಟು ಹೊತ್ತಿಗೆ ನನಗೆ ಒಳಗೊಳಗೇ ಅನುಮಾನ ಬಂದಿತ್ತು. ಆದರೆ ಈಗ ನಿಲ್ಲಿಸಿದರೆ ಹಾಕಿದ್ದೂ ಹೋಯಿತಲ್ಲ ಅನ್ನುವ ಸಂಕಟ. ಕಂತು ಕಂತಾಗಿ ಕೇಳುವುದರ ಗುಟ್ಟೇ ಅದು.

ಅವನ ನಂಬರ್ ಸ್ವಿಚ್ ಆಫ್ ಆದ ರಾತ್ರಿ ಕೂತು ಅದೇ ಫೋಟೋಗಳನ್ನು ಮತ್ತೆ ನೋಡಿದೆ. ಮೂರು ಫೋಟೋ. ಒಂದರಲ್ಲಿ ಲೆನ್ಸ್ ಮರದ ಮೇಜಿನ ಮೇಲಿದೆ. ಇನ್ನೊಂದರಲ್ಲಿ ನೀಲಿ ಬಟ್ಟೆಯ ಮೇಲೆ. ಮೂರನೆಯದರಲ್ಲಿ ಟೈಲ್ಸ್ ನೆಲ. ಒಂದರಲ್ಲಿ ಮುಂದಿನ ಅಂಚಿನಲ್ಲಿ ಗೀರು ಇದೆ, ಉಳಿದ ಎರಡರಲ್ಲಿ ಇಲ್ಲ. ಮೂರು ಮನೆಯ ಮೂರು ಲೆನ್ಸು. ಕಣ್ಣೆದುರೇ ಇತ್ತು. ನಾನು ಲೆನ್ಸನ್ನು ನೋಡುತ್ತಿದ್ದೆ, ಫೋಟೋವನ್ನು ನೋಡಿರಲಿಲ್ಲ.

ಆಮೇಲೆ ಈ ವಿಷಯದ ಬಗ್ಗೆ ಓದತೊಡಗಿದೆ. ಮೈಕ್ರೋಸಾಫ್ಟ್‌ನ ಸಂಶೋಧಕ ಕಾರ್ಮ್ಯಾಕ್ ಹರ್ಲೀ 2012ರಲ್ಲಿ ಬರೆದ ಒಂದು ಲೇಖನ ತಲೆಯಲ್ಲಿ ಕೂತುಬಿಟ್ಟಿತು. ಕೋಟ್ಯಂತರ ಆಸ್ತಿ ನಿಮ್ಮ ಹೆಸರಿಗೆ ಬಂದಿದೆ ಅಂತ ಬರುವ ಮೋಸದ ಈಮೇಲ್‌ಗಳು ಯಾಕೆ ಅಷ್ಟು ಪೆದ್ದುಪೆದ್ದಾಗಿ ಇರುತ್ತವೆ ಅನ್ನುವುದು ಅವರ ಪ್ರಶ್ನೆ. ಅವರ ಉತ್ತರ ಸರಳ. ಈಮೇಲ್ ಕಳಿಸಲು ಖರ್ಚಿಲ್ಲ. ಆದರೆ ಉತ್ತರ ಕೊಟ್ಟ ಪ್ರತಿಯೊಬ್ಬರ ಹಿಂದೆ ಮೋಸಗಾರ ಗಂಟೆಗಟ್ಟಲೆ ದುಡಿಯಬೇಕು. ಅರ್ಧದಲ್ಲಿ ಕೈಕೊಡುವ ಜಾಣರು ಅವನಿಗೆ ನಷ್ಟ. ಹಾಗಾಗಿ ಅನುಮಾನದವರು ಮೊದಲೇ ಉದುರಿಹೋಗಲಿ, ಪೂರ್ತಿ ನಂಬುವವರು ಮಾತ್ರ ಉಳಿಯಲಿ ಅನ್ನುವ ಜರಡಿ ಅದು.

ನನಗೆ ಹೊಳೆದದ್ದು ಇಷ್ಟು: ಜರಡಿ ನಾನೂ ಹಿಡಿಯಬಹುದಲ್ವಾ? ನಿಜವಾಗಿ ವಸ್ತು ಇರುವವನಿಗೆ ಒಂದು ನಿಮಿಷದ ಕೆಲಸ, ಇಲ್ಲದವನಿಗೆ ದೊಡ್ಡ ತಲೆನೋವು. ಅಂಥದ್ದೊಂದನ್ನು ಕೇಳಬೇಕು. ಅವನು ಸಾಚಾನೋ ಅಲ್ಲವೋ ಅಂತ ಮಾತಿನಲ್ಲಿ ಕಂಡುಹಿಡಿಯುವ ಗೋಜೇ ಬೇಡ. ಮಾತಿನಲ್ಲಿ ಅವರು ನಮಗಿಂತ ಪಳಗಿದವರು.

ಹೀಗೆ ಶುರುವಾದದ್ದು ಬಾಚಣಿಗೆ. "ಸರ್, ಕ್ಯಾಮೆರಾ ಪಕ್ಕದಲ್ಲಿ ಒಂದು ಬಾಚಣಿಗೆ ಇಟ್ಟು ಇನ್ನೊಂದು ಫೋಟೋ ಕಳಿಸ್ತೀರಾ?" ಇವತ್ತಿನ ದಿನಾಂಕ ಬರೆದ ಚೀಟಿ ಇಡಿ ಅಂತ ಎಲ್ಲರೂ ಕೇಳುತ್ತಾರೆ. ಕಳ್ಳರಿಗೂ ಅದು ಗೊತ್ತು. ಖಾಲಿ ಚೀಟಿಯ ಫೋಟೋ ಸಿದ್ಧ ಇಟ್ಟುಕೊಂಡು ಅಕ್ಷರ ಮಾತ್ರ ತುಂಬುತ್ತಾರೆ. ಬಾಚಣಿಗೆ, ಒಂಟಿ ಕಾಲುಚೀಲ, ಬಟ್ಟೆ ಒಣಗಿಸುವ ಕ್ಲಿಪ್ಪು ಇಂಥದ್ದನ್ನು ಯಾರೂ ಮೊದಲೇ ತಯಾರು ಮಾಡಿಟ್ಟಿರುವುದಿಲ್ಲ. ನಿಜವಾದ ಮಾಲೀಕರು ನಗುತ್ತಾರೆ, ಕೆಲವರು ಗೊಣಗುತ್ತಾರೆ, ಕಳಿಸುತ್ತಾರೆ. ಕಳ್ಳರಿಗೆ ಸಿಟ್ಟು ಬರುತ್ತದೆ. "ನಂಬಿಕೆ ಇಲ್ಲ ಅಂದ್ರೆ ಬಿಡಿ ಸರ್, ಬೇರೆಯವರು ರೆಡಿ ಇದ್ದಾರೆ" ಅನ್ನುವ ಸಾಲು ನನಗೆ ಎಷ್ಟು ಸಲ ಬಂದಿದೆಯೋ ಲೆಕ್ಕವಿಲ್ಲ.

ಈಗ ಎಐ ಬಂದ ಮೇಲೆ ಬಾಚಣಿಗೆಗೂ ಬೆಲೆ ಕಡಿಮೆಯಾಗಿದೆ, ಒಪ್ಪುತ್ತೇನೆ. ಒಂದು ಸಾಲು ಬರೆದರೆ ಚಿತ್ರದಲ್ಲಿ ಬಾಚಣಿಗೆ ಬಂದು ಕೂರುತ್ತದೆ. ಅದಕ್ಕೆ ದೊಡ್ಡ ಮೊತ್ತದ ವಸ್ತುವಾದರೆ ವಿಡಿಯೋ ಕಾಲ್ ಕೇಳುತ್ತೇನೆ. ಕಾಲ್‌ನಲ್ಲಿ ಸುಮ್ನೆ ತೋರಿಸಿ ಅನ್ನುವುದಿಲ್ಲ. ಕೆಲಸ ಹೇಳುತ್ತೇನೆ. ಜೂಮ್ ರಿಂಗ್ ತಿರುಗಿಸಿ, ಬ್ಯಾಟರಿ ಬಾಗಿಲು ತೆಗೆಯಿರಿ, ಒಂದು ಫೋಟೋ ತೆಗೆದು ಹಿಂದಿನ ಸ್ಕ್ರೀನ್‌ನಲ್ಲಿ ತೋರಿಸಿ. ಮೊದಲೇ ರೆಕಾರ್ಡ್ ಮಾಡಿಟ್ಟ ವಿಡಿಯೋಗೆ ನನ್ನ ಮಾತು ಕೇಳಿಸುವುದಿಲ್ಲವಲ್ಲ.

ಕ್ಯಾಮೆರಾ ವಿಷಯದಲ್ಲಿ ಇನ್ನೂ ಒಂದು ಅನುಕೂಲ ಇದೆ. ನನಗೆ ಬಹಳ ಇಷ್ಟವಾದದ್ದು ಇದೇ. ಡಿಜಿಟಲ್ ಕ್ಯಾಮೆರಾ ತೆಗೆದ ಪ್ರತಿ ಫೋಟೋದ ಒಳಗೂ ಎಕ್ಸಿಫ್ ಅನ್ನುವ ಮಾಹಿತಿ ಕೂತಿರುತ್ತದೆ. ಯಾವ ಮಾಡೆಲ್, ಯಾವ ದಿನ, ಎಷ್ಟು ಹೊತ್ತಿಗೆ, ಯಾವ ಲೆನ್ಸ್, ಎಲ್ಲವೂ. ಬಹಳಷ್ಟು ಕ್ಯಾಮೆರಾಗಳು ತಮ್ಮ ಸೀರಿಯಲ್ ನಂಬರನ್ನೂ ಅದರಲ್ಲಿ ಬರೆಯುತ್ತವೆ. ನಿಕಾನ್ ಕ್ಯಾಮೆರಾ ಆದರೆ ಅಲ್ಲಿಯವರೆಗೆ ಶಟರ್ ಎಷ್ಟು ಸಲ ಬಿದ್ದಿದೆ, ಅಂದರೆ ಎಷ್ಟು ಫೋಟೋ ತೆಗೆದಾಗಿದೆ ಅನ್ನುವ ಎಣಿಕೆ ಕೂಡ ಸಾಮಾನ್ಯವಾಗಿ ಸಿಗುತ್ತದೆ. ಎಕ್ಸಿಫ್‌ಟೂಲ್ ಅನ್ನುವ ಉಚಿತ ತಂತ್ರಾಂಶದಲ್ಲಿ ಫೈಲ್ ತೆರೆದರೆ ಸಾಕು. ಹಾಗಾಗಿ ನಾನು ಕೇಳುವುದು ಕ್ಯಾಮೆರಾದ ಫೋಟೋ ಅಲ್ಲ. ಆ ಕ್ಯಾಮೆರಾದಿಂದ ಇವತ್ತು ತೆಗೆದ ಫೋಟೋ. ಗೋಡೆಯದ್ದಾದರೂ ಸರಿ, ಕಿಟಕಿಯದ್ದಾದರೂ ಸರಿ. ಒಂದೇ ಷರತ್ತು, ಮೂಲ ಫೈಲನ್ನು ಹಾಗೇ ಈಮೇಲ್‌ನಲ್ಲಿ ಕಳಿಸಬೇಕು. ವಾಟ್ಸಾಪ್‌ನಲ್ಲಿ ಫೋಟೋ ಅಂತ ಕಳಿಸಿದರೆ ಅದು ಫೈಲನ್ನು ಕುಗ್ಗಿಸಿ ಈ ಮಾಹಿತಿಯನ್ನೆಲ್ಲ ತೊಳೆದುಹಾಕುತ್ತದೆ. ಡಾಕ್ಯುಮೆಂಟ್ ಅಂತ ಕಳಿಸಿದರೆ ಉಳಿಯುತ್ತದೆ.

ಒಮ್ಮೆ ಒಬ್ಬ ಹೀಗೆ ಕೇಳಿದ್ದಕ್ಕೆ ಎರಡು ದಿನ ಬಿಟ್ಟು ಒಂದು ಫೈಲ್ ಕಳಿಸಿದ. ತೆರೆದು ನೋಡಿದರೆ ಮಾಡೆಲ್ ಹೆಸರಿನ ಜಾಗದಲ್ಲಿ ಯಾವುದೋ ಮೊಬೈಲ್ ಫೋನ್. ನಾನು ಏನೂ ಹೇಳಲಿಲ್ಲ. ಹೇಳಿದರೆ ಮುಂದಿನ ಸಲ ಸರಿಯಾಗಿ ಮಾಡುತ್ತಾನೆ. ಎಕ್ಸಿಫ್ ಬದಲಾಯಿಸಲು ಬರುವುದಿಲ್ಲ ಅಂತೇನಿಲ್ಲ. ಅದೇ ಎಕ್ಸಿಫ್‌ಟೂಲ್‌ನಲ್ಲೇ ಬದಲಾಯಿಸಬಹುದು. ಆದರೆ ದಿನಕ್ಕೆ ಐವತ್ತು ಜನರ ಹತ್ತಿರ ಮಾತಾಡುವವನು ನನ್ನೊಬ್ಬನಿಗಾಗಿ ಅಷ್ಟೆಲ್ಲ ಕೂತು ಮಾಡುವುದು ಕಡಿಮೆ.

ಮೊಬೈಲ್ ಕೊಳ್ಳುವಾಗ ಇದಕ್ಕೆ ಸಮನಾದದ್ದು ಐಎಂಇಐ ನಂಬರ್, ಪ್ರತಿ ಫೋನಿಗೂ ಇರುವ ಗುರುತಿನ ಸಂಖ್ಯೆ. ಸ್ಟಾರ್ ಹ್ಯಾಶ್ 06 ಹ್ಯಾಶ್ ಒತ್ತಿದರೆ 15 ಅಂಕಿ ಕಾಣುತ್ತವೆ. ಅದರ ಮೊದಲ 8 ಅಂಕಿ ಮಾಡೆಲ್ ಯಾವುದು ಅಂತ ಹೇಳುತ್ತದೆ. ಆದ್ದರಿಂದ ಮಾರುವವನು ಹೇಳಿದ ಮಾಡೆಲ್ ಬೇರೆ, ನಂಬರ್ ಹೇಳುವುದು ಬೇರೆ ಆದರೆ ಗೊತ್ತಾಗಿಬಿಡುತ್ತದೆ. ಇಡೀ ನಂಬರ್ ಕೊಡಲು ಕೆಲವರು ಹಿಂಜರಿಯುತ್ತಾರೆ, ಅದು ನ್ಯಾಯವೇ. ಮೊದಲ 8 ಕೊಡಿ ಸಾಕು ಅನ್ನುತ್ತೇನೆ. ಕೈಗೆ ಫೋನ್ ಬಂದ ಮೇಲೆ ಅದಕ್ಕಿಂತ ಮುಖ್ಯವಾದ ಕೆಲಸ ಇನ್ನೊಂದು. ಐಫೋನ್‌ಗಳಲ್ಲಿ 2013ರಿಂದ, ಆಂಡ್ರಾಯ್ಡ್‌ನಲ್ಲಿ 2015ರ ಆಸುಪಾಸಿನಿಂದ, ಹಳೇ ಮಾಲೀಕನ ಖಾತೆ ತೆಗೆಯದೆ ಫೋನ್ ಅಳಿಸಿದರೆ ಅದು ಮತ್ತೆ ಅವನ ಪಾಸ್‌ವರ್ಡನ್ನೇ ಕೇಳುವ ಬೀಗ ಇದೆ. ಮಾರುವವರು ನನ್ನ ಎದುರೇ ಖಾತೆ ತೆಗೆದು, ಎಲ್ಲ ಅಳಿಸಿ, ಹೊಸ ಫೋನಿನ ಹಾಗೆ ಸ್ವಾಗತ ಪರದೆ ದಾಟುವವರೆಗೆ ನಾನು ಕದಲುವುದಿಲ್ಲ. "ಪಾಸ್‌ವರ್ಡ್ ಮರೆತಿದೆ, ಮನೆಗೆ ಹೋಗಿ ಕಳಿಸ್ತೀನಿ" ಅಂದರೆ ಅದು ಅವರ ಫೋನ್ ಅಲ್ಲದೇ ಇರಬಹುದು.

ಮಾರುವವನು ಆ ತಾಣದಲ್ಲಿ ತೆರೆದ ಖಾತೆಯ ವಯಸ್ಸು ನೋಡಿ ಅಂತ ಎಲ್ಲರೂ ಹೇಳುತ್ತಾರೆ. ನನಗೆ ಅದರ ಮೇಲೆ ಅಷ್ಟು ನಂಬಿಕೆ ಇಲ್ಲ. ಹೊಸ ಖಾತೆ ಅಂದರೆ ಕಳ್ಳ ಅಂತಲ್ಲ, ಮೊದಲ ಸಲ ಮಾರುವವನ ಖಾತೆ ಹೊಸದೇ ಇರುತ್ತದೆ. ಹಳೇ ಖಾತೆ ಅಂದರೆ ಸಾಚಾ ಅಂತಲೂ ಅಲ್ಲ, ಕದ್ದ ಖಾತೆ ಹಳೆಯದೇ ಇರುತ್ತದೆ. ನಾನು ನೋಡುವುದು ನಡವಳಿಕೆ. ಐದು ವರ್ಷ ಸುಮ್ಮನಿದ್ದ ಖಾತೆಯಲ್ಲಿ ಒಂದೇ ದಿನ ಲ್ಯಾಪ್‌ಟಾಪ್, ಹೊಲಿಗೆ ಯಂತ್ರ, ಡ್ರೋನ್ ಮಾರಾಟಕ್ಕೆ ಬಂದರೆ ಯಾರೋ ಒಳಹೊಕ್ಕಿರಬಹುದು ಅಂತ ಅರ್ಥ. ಒಳ್ಳೆಯ ರೇಟಿಂಗ್ ಇದ್ದರೂ ಅದು ಯಾವುದಕ್ಕೆ ಬಂದದ್ದು ಅಂತ ಓದುತ್ತೇನೆ. ಮೊಬೈಲ್ ಕವರ್ ಮಾರಿ ಗಳಿಸಿದ ಹೆಸರಿನ ಮೇಲೆ ಕ್ಯಾಮೆರಾ ಮಾರಲು ಬಂದವರನ್ನು ನೋಡಿದ್ದೇನೆ. ವಿವರಣೆಯ ಒಂದು ಸಾಲನ್ನು ಎತ್ತಿ ಗೂಗಲ್‌ನಲ್ಲಿ ಹಾಕುತ್ತೇನೆ. ಅದೇ ಫೋಟೋ ಬೇರೆಲ್ಲಾದರೂ ಇದೆಯಾ ಅಂತ ಹುಡುಕಿಕೊಡುವ ಗೂಗಲ್ ಲೆನ್ಸ್, ಟಿನ್‌ಐ ಅನ್ನುವ ತಾಣಗಳಲ್ಲಿ ಫೋಟೋವನ್ನು ಹಾಕುತ್ತೇನೆ. ಸಿಕ್ಕರೆ ಕೇಸ್ ಮುಗಿಯಿತು. ಸಿಗದಿದ್ದರೆ ಏನೂ ಸಾಬೀತಾಗುವುದಿಲ್ಲ. ಸುಮಾರು ಜನ ಇಲ್ಲೇ ತಪ್ಪುತ್ತಾರೆ.

ದುಡ್ಡಿನ ವಿಷಯಕ್ಕೆ ಬಂದರೆ ನನ್ನ ಹಟ ಒಂದೇ. ಮಾತುಕತೆ, ಪಾವತಿ ಎರಡೂ ಜಾಹೀರಾತು ಇರುವ ಆ ಆನ್‌ಲೈನ್ ಮಾರುಕಟ್ಟೆಯ ಒಳಗೇ ನಡೆಯಬೇಕು, ಇಲ್ಲವೇ ವಸ್ತು ಕೈಯಲ್ಲಿ ಹಿಡಿದು ನೋಡಿದ ಮೇಲೆ. ಮೊದಲ ಮೆಸೇಜಿಗೇ "ವಾಟ್ಸಾಪ್‌ಗೆ ಬನ್ನಿ" ಅನ್ನುವವರು ನಮ್ಮನ್ನು ಕಾವಲಿಲ್ಲದ ಜಾಗಕ್ಕೆ ಕರೆಯುತ್ತಿದ್ದಾರೆ. ಪೇಪಾಲ್‌ನಲ್ಲಿ ಸ್ನೇಹಿತರಿಗೆ, ಮನೆಯವರಿಗೆ ಕಳಿಸುವ ದಾರಿಯಲ್ಲಿ ಹಣ ಹಾಕಿ ಅಂತ ಒತ್ತಾಯ ಮಾಡುತ್ತಾರೆ. ಯಾಕಂದರೆ ಆ ದಾರಿಗೆ ಖರೀದಿದಾರರ ರಕ್ಷಣೆ ಇಲ್ಲ. ಗಿಫ್ಟ್ ಕಾರ್ಡ್, ಕ್ರಿಪ್ಟೋ ಕೇಳಿದರೆ ಇನ್ನು ಮಾತೇ ಬೇಡ. ಕೆಲವರು "ನಿಮ್ಮ ಹಣ ಮಧ್ಯದವರ ಹತ್ತಿರ ಸೇಫ್ ಆಗಿ ಇರುತ್ತೆ" ಅಂತ ಒಂದು ಲಿಂಕ್ ಕಳಿಸುತ್ತಾರೆ. ಪುಟ ಅಚ್ಚುಕಟ್ಟಾಗಿರುತ್ತದೆ, ಬೀಗದ ಚಿಹ್ನೆಯೂ ಇರುತ್ತದೆ. ಆ ಬೀಗ ಹೇಳುವುದು ನಿಮ್ಮ ಮತ್ತು ಆ ಪುಟದ ನಡುವಿನ ಮಾತು ಬೇರೆಯವರಿಗೆ ಕೇಳಿಸುವುದಿಲ್ಲ ಅಂತ ಮಾತ್ರ. ಆ ಕಡೆ ಕೂತವನು ಕಳ್ಳನೋ ಅಲ್ಲವೋ ಅಂತ ಅದು ಹೇಳುವುದಿಲ್ಲ. ಆ ಪುಟದ ವಿಳಾಸವನ್ನು ಹೂಈಸ್ ಅನ್ನುವ ವೆಬ್ ವಿಳಾಸಗಳ ನೋಂದಣಿ ಪಟ್ಟಿಯಲ್ಲಿ ಹಾಕಿ ಅದು ಯಾವತ್ತು ನೋಂದಣಿ ಆದದ್ದು ಅಂತ ನೋಡುತ್ತೇನೆ. ಹಳೇ ಕಂಪನಿ ಅಂತ ಹೇಳಿಕೊಳ್ಳುವ ತಾಣ ಒಂಬತ್ತು ದಿನದ ಕೂಸಾಗಿದ್ದದ್ದು ಉಂಟು.

ಹಾಗೇ, ನೀವು ನಿಜವಾದ ಗಿರಾಕಿಯೋ ಅಂತ ಪರೀಕ್ಷಿಸಲು ಒಂದು ಕೋಡ್ ಕಳಿಸಿದ್ದೇನೆ, ಅದನ್ನು ಹೇಳಿ ಅಂದರೆ ಹೇಳಬೇಡಿ. ಆ ಕೋಡ್ ನಿಮ್ಮ ಖಾತೆಯ ಬೀಗದ ಕೈ.

ಇಷ್ಟೆಲ್ಲ ಕಲಿತ ಮೇಲೆ ನನಗೆ ಸ್ವಲ್ಪ ತಲೆ ತಿರುಗಿತ್ತು ಅಂತಲೂ ಹೇಳಬೇಕು. ಎಲ್ಲರೂ ಕಳ್ಳರ ಹಾಗೇ ಕಾಣುತ್ತಿದ್ದರು. ಒಮ್ಮೆ ಒಂದು ಫಿಲ್ಮ್ ಕ್ಯಾಮೆರಾ ಕಣ್ಣಿಗೆ ಬಿತ್ತು. ಖಾತೆ ಎರಡು ದಿನದ್ದು. ಹಾಕಿದ ಫೋಟೋ ಕಂಪನಿಯ ಜಾಹೀರಾತಿನದು. ಬರೆದದ್ದು ಎರಡೇ ಸಾಲು, ಅದರಲ್ಲೂ ನಾಲ್ಕು ತಪ್ಪು. ವಿಡಿಯೋ ಕಾಲ್ ಮಾಡಿ ಅಂದರೆ "ನನಗೆ ಬರಲ್ಲ" ಅಂತ ಉತ್ತರ. ನನ್ನ ಪಟ್ಟಿಯ ಪ್ರಕಾರ ನೂರಕ್ಕೆ ನೂರು ಮೋಸ. ನಾನು ಸ್ವಲ್ಪ ಖಾರವಾಗಿಯೇ ಬರೆದೆ. ಆದರೂ ಬಿಡುವ ಮೊದಲು ಬಾಚಣಿಗೆ ಕೇಳಿದೆ. ಹತ್ತು ನಿಮಿಷಕ್ಕೆ ಬಂತು ಫೋಟೋ. ಅರ್ಧ ಭಾಗ ಹೆಬ್ಬೆರಳು, ಉಳಿದರ್ಧದಲ್ಲಿ ಮಸುಕಾಗಿ ಕ್ಯಾಮೆರಾ, ಅದರ ಮೇಲೆ ಎರಡು ಹಲ್ಲು ಮುರಿದ ಬಾಚಣಿಗೆ. ಅಷ್ಟು ಕೆಟ್ಟ ಫೋಟೋವನ್ನು ಯಾವ ಕಳ್ಳನೂ ಕಳಿಸಲಾರ. ಹೋಗಿ ನೋಡಿದೆ. ವಯಸ್ಸಾದವರು. ತಾವು ತೆಗೆದ ಫೋಟೋ ಚೆನ್ನಾಗಿ ಬರುವುದಿಲ್ಲ ಅಂತ ಕಂಪನಿಯದ್ದನ್ನೇ ಹುಡುಕಿ ಹಾಕಿದ್ದರಂತೆ. ಟಾರ್ಚ್ ಬಿಟ್ಟು ಲೆನ್ಸ್ ಒಳಗೆ ನೋಡಿದೆ. ಜೇಡರಬಲೆಯ ಹಾಗೆ ಹರಡುವ ಫಂಗಸ್ ಇರಲಿಲ್ಲ, ಮಂಜು ಇರಲಿಲ್ಲ. ಆ ಕ್ಯಾಮೆರಾ ಈಗಲೂ ನನ್ನ ಹತ್ತಿರ ಇದೆ. ಖಾರವಾಗಿ ಬರೆದದ್ದಕ್ಕೆ ಕ್ಷಮೆ ಕೇಳಿದೆ. ಅವರು ಆ ಮೆಸೇಜನ್ನು ಓದಿಯೇ ಇರಲಿಲ್ಲ.

ಅಂದಹಾಗೆ ಟೋಪಿ ಬಿದ್ದ ಆ ಸಲ ನಾನು ಮಾಡಿದ ಒಂದೇ ಸರಿಯಾದ ಕೆಲಸ, ಅವನ ಜಾಹೀರಾತು ಮಾಯವಾಗುವ ಮೊದಲೇ ಎಲ್ಲದರ ಸ್ಕ್ರೀನ್‌ಶಾಟ್ ತೆಗೆದಿಟ್ಟದ್ದು. ಬ್ಯಾಂಕಿಗೆ ಫೋನ್ ಮಾಡಿದ್ದು ಮರುದಿನ ಮಧ್ಯಾಹ್ನ. ಆ ಕ್ಷಣವೇ ಮಾಡಬೇಕಿತ್ತು, ಹಣ ಆ ಖಾತೆಯಿಂದ ಮುಂದಕ್ಕೆ ಹೋಗಿಬಿಟ್ಟರೆ ತಡೆಯುವುದು ಕಷ್ಟ. ವಾರ ಕಳೆದ ಮೇಲೆ ಇನ್ನೊಬ್ಬ ಮೆಸೇಜ್ ಮಾಡಿದ. ಹೋದ ಹಣ ವಾಪಸ್ ತರಿಸಿಕೊಡುತ್ತೇನೆ, ಮೊದಲು ಸ್ವಲ್ಪ ಫೀಸ್ ಕಟ್ಟಿ ಅಂತ. ಒಮ್ಮೆ ಬಿದ್ದವರ ಹೆಸರು, ನಂಬರ್ ಕೈಯಿಂದ ಕೈಗೆ ಹೋಗುತ್ತದೆ. ಬ್ಯಾಂಕ್ ಆಪ್ ತೆರೆದು ಅರ್ಧ ಟೈಪ್ ಮಾಡಿದ್ದೆ. ನಾಚಿಕೆಯ ವಿಷಯ, ಆದರೂ ಹೇಳುತ್ತಿದ್ದೇನೆ.

ಇತ್ತೀಚೆಗೆ ನನ್ನದೇ ಒಂದು ಲೆನ್ಸ್ ಮಾರಾಟಕ್ಕೆ ಹಾಕಿದೆ. ಚೆಂದದ ಫೋಟೋ, ಉದ್ದದ ವಿವರಣೆ. ಒಬ್ಬರು ಮೆಸೇಜ್ ಮಾಡಿದರು: "ಸರ್, ಲೆನ್ಸ್ ಮೇಲೆ ಒಂದು ಚಮಚ ಅಡ್ಡ ಇಟ್ಟು ಫೋಟೋ ಕಳಿಸ್ತೀರಾ?" ಒಂದು ಕ್ಷಣ ನನಗೆ ನಿಜವಾಗಿಯೂ ಸಿಟ್ಟು ಬಂತು. ಇಷ್ಟೆಲ್ಲ ಬರೆದಿದ್ದೀನಲ್ಲ, ಮತ್ಯಾಕೆ ಅಂತ. ಆಮೇಲೆ ಎದ್ದು ಹೋಗಿ ಚಮಚ ತಂದೆ. ಮರುದಿನ ಅವರು ಬಂದರು. ಕೈಯಲ್ಲಿ ಟಾರ್ಚ್ ಕೂಡ ಇತ್ತು.