ಹೊಳೆದ ಕೈಗಳು: ನನ್ನ ಅನುಭವ

ಕೊಡಗಿನ ಸೋಮವಾರಪೇಟೆ ಕಡೆಯ ಅರೇಬಿಕಾ ಕಾಫಿ ತೋಟಗಳಲ್ಲಿ ಕಾಂಡ ಕೊರೆಯುವ ಬೋರರ್ ಹುಳುವಿಗೆ ಕ್ಲೋರ್‌ಪೈರಿಫಾಸ್ ಎಂಬ ಕೀಟನಾಶಕ ಹೊಡೆಯುವವರ ಮೈಮೇಲೆ ಅದು ಎಲ್ಲೆಲ್ಲಿ ಬೀಳುತ್ತದೆ? ವಿಶ್ವವಿದ್ಯಾಲಯ ಸೇರಿದ ಮೇಲೆ 11 ವರ್ಷ ಈ ಪ್ರಶ್ನೆಯ ಹಿಂದೆಯೇ ಅಲೆದಿದ್ದೇನೆ.

ಮೊದಲ 4 ವರ್ಷ ರಕ್ತಪರೀಕ್ಷೆಯಲ್ಲೇ ಕಳೆದವು. ಈ ಕೀಟನಾಶಕ ಮೈಸೇರಿದರೆ ರಕ್ತದಲ್ಲಿನ ಕೋಲಿನ್‌ಎಸ್ಟರೇಸ್ ಎಂಬ ಕಿಣ್ವ ಇಳಿಯುತ್ತದೆ. ಆದರೆ ಅದರ ಪ್ರಮಾಣ ಒಬ್ಬೊಬ್ಬರಲ್ಲಿ ಒಂದೊಂದು. ಸಿಂಪಡಣೆಗೆ ಮೊದಲಿನ ಅವರದೇ ಅಳತೆ ಕೈಯಲ್ಲಿಲ್ಲದಿದ್ದರೆ ಇಳಿಕೆ ತಿಳಿಯುವುದಿಲ್ಲ. ಸೆಪ್ಟೆಂಬರಿನಲ್ಲಿ ರಕ್ತ ಕೊಟ್ಟವರು ನವೆಂಬರಿಗೆ ಬೇರೆ ತೋಟ ಸೇರಿರುತ್ತಿದ್ದರು. ಒಂದು ಸಲ ದಾರಿಯಲ್ಲೇ ಐಸ್ ಕರಗಿ ಮಾದರಿಗಳೆಲ್ಲ ಕೆಟ್ಟವು. ಒಟ್ಟು ಒಂದೂವರೆ ಲಕ್ಷ ರೂಪಾಯಿ ನೀರುಪಾಲಾಯಿತು.

ಆಮೇಲೆ ಹಿಡಿದದ್ದು ಹೊಳೆಯುವ ಬಣ್ಣದ ದಾರಿ. ಪಂಪಿಗೆ ಔಷಧಿ ಇಲ್ಲ, ನೀರು ಮತ್ತು ಬಣ್ಣ ಮಾತ್ರ. ಕತ್ತಲೆಯಲ್ಲಿ ನೇರಳಾತೀತ ಟಾರ್ಚ್ ಬೆಳಕು ಬಿಟ್ಟರೆ ಬಿದ್ದ ಜಾಗವೆಲ್ಲ ಬೆಳಗುತ್ತದೆ. ‘ಇದು ಪ್ರದರ್ಶನ, ಸಂಶೋಧನೆಯಲ್ಲ’ ಎಂದು ಸಮಿತಿಯೊಂದು ಅನುದಾನ ನಿರಾಕರಿಸಿತು. ಸಂಬಳದಿಂದ 40,000ದಷ್ಟು ಹಾಕಿದೆ.

ಮೊದಲು ಬಳಸಿದ ರೈಬೋಫ್ಲೇವಿನ್ (ವಿಟಮಿನ್ ಬಿ2) ಬಿಸಿಲಿಗೆ ಮಧ್ಯಾಹ್ನದೊಳಗೆ ಮಾಸಿತು. ಎರಡನೆಯದು ನೀಲಿಯಾಗಿ ಹೊಳೆಯುವ ಬಣ್ಣ. ಟಾರ್ಚ್ ಹಾಯಿಸಿದರೆ ಪಂಪ್ ಮುಟ್ಟದವರ ಅಂಗಿಯೂ ಹೊಳೆಯಿತು! ಬಟ್ಟೆ ಸೋಪಿನ ಪುಡಿಯಲ್ಲಿರುವ ಬಿಳುಪುಕಾರಕದ ಕೆಲಸ ಅದು. ಇದನ್ನು ಪತ್ತೆಹಚ್ಚಲು ಒಂದು ಇಡೀ ಹಂಗಾಮು ಹೋಯಿತು. ಕಪ್ಪು ಹತ್ತಿಬಟ್ಟೆ ಹೊಲಿಸಿ, ಅಂಟುವಾಳದಲ್ಲಿ ಒಗೆಸಿದ ಮೇಲೆ ಚಿತ್ರ ಸ್ವಚ್ಛವಾಯಿತು. ಈಗ ಬಳಸುವ ಬಣ್ಣವನ್ನೂ ಅದು ಅಂಟಿ ನಿಲ್ಲಲು ಬೆರೆಸುವುದನ್ನೂ ಇಲ್ಲಿ ಬರೆಯುವುದಿಲ್ಲ. ಪ್ರಬಂಧ ಇನ್ನೂ ಅಚ್ಚಾಗಬೇಕು.

ಆನೆಯ ಭಯದಿಂದ ಸಂಜೆಯಾದ ಮೇಲೆ ಯಾರನ್ನೂ ನಿಲ್ಲಿಸಿಕೊಳ್ಳುವಂತಿಲ್ಲ. ನಾಲ್ಕು ಗಂಟೆಗೇ ಗೋಡೌನಿನ ಕಿಟಕಿಗಳಿಗೆ ಟಾರ್ಪಾಲು ಕಟ್ಟಿದೆವು. ಸೋರುವ ಪಂಪ್ ಹೊತ್ತವರ ಬೆನ್ನು ಸೊಂಟದವರೆಗೆ ಬೆಳಗಿತು. ಎಲೆಅಡಿಕೆ ಚೀಲ ಬೆಳಗಿತು, ತುಟಿಯೂ ಬೆಳಗಿತು. ‘ಮೇಡಂ, ಮನೆಗೆ ಹೋಗಿ ಮಗುವನ್ನು ಎತ್ತಿಕೊಳ್ಳುವುದು ಈ ಕೈಯಲ್ಲೇ’ ಎಂದು ಒಬ್ಬರು ಅಂಗೈ ನೋಡುತ್ತಲೇ ನಿಂತರು. ನನ್ನ ಯಾವ ಉಪನ್ಯಾಸವೂ ಮಾಡದ ಕೆಲಸವನ್ನು ಆ ಹತ್ತು ನಿಮಿಷ ಮಾಡಿತು. ಮರುವರ್ಷ ಮೂವತ್ತು ಮಂದಿಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ ಎಲೆಅಡಿಕೆ ಹಾಕುವ ಮೊದಲು ಸೋಪಿನಲ್ಲಿ ಕೈ ತೊಳೆಯುತ್ತಿದ್ದರು. ತೋಟದ ರೈಟರ್ (ಗುಮಾಸ್ತ) ತಾವಾಗಿಯೇ ನಾಲ್ಕು ಪಂಪ್‌ಗಳ ವಾಷರ್ ಬದಲಾಯಿಸಿದ್ದರು.

ಮುಂಗಾರಿಗೆ ಮುಂಚೆ ಕರಿಮೆಣಸಿಗೆ ಬೋರ್ಡೋ (ಮೈಲುತುತ್ತ, ಸುಣ್ಣ ಬೆರೆಸಿದ ಶಿಲೀಂಧ್ರನಾಶಕ) ಹೊಡೆಯುವ ಭಂಗಿಯಲ್ಲೂ ಇದೇ ಬಣ್ಣವನ್ನು ಪರೀಕ್ಷಿಸಿದೆ. ಬಳ್ಳಿಯ ಕಡೆಗೆ ಕೈ ಎತ್ತಿದಾಗ ನೀರು ತೋಳಿನ ಗುಂಟ ಕಂಕುಳಿನವರೆಗೆ ಇಳಿದಿತ್ತು. ಕಾಫಿ ಕಾಂಡಕ್ಕೆ ಕೆಳಮುಖವಾಗಿ ಹೊಡೆಯುವಾಗ ಅಂಗಿಯ ತೋಳು ಗ್ಲೌಸಿನ ಹೊರಗಿರಬೇಕು, ಬಳ್ಳಿಗೆ ಹೊಡೆಯುವಾಗ ಒಳಗಿರಬೇಕು. ಎರಡಕ್ಕೂ ಒಂದೇ ರೀತಿ ತೊಡಿಸುತ್ತಿದ್ದುದು ನಮ್ಮದೇ ತಪ್ಪು.