ಜೋನಿ ಬೆಲ್ಲದ ಬಾಟಲಿಗೆ ಬೆಲೆ ಕಟ್ಟುವುದು ಹೇಗೆ?

ಶಿರಸಿ, ಸಿದ್ದಾಪುರ, ಸಾಗರದ ಕಡೆ ಆಲೆಮನೆ, ಅಂದರೆ ಕಬ್ಬು ಅರೆದು ಬೆಲ್ಲ ಕಾಯಿಸುವ ಕೆಲಸ, ಮುಗಿಯುತ್ತಿದ್ದಂತೆ ಮನೆಮನೆಯಲ್ಲೂ ಒಂದೇ ಪ್ರಶ್ನೆ: ಈ ಸಲ ಜೋನಿಗೆ (ಅಚ್ಚಿಗೆ ಹಾಕದ, ಪಾಕದಂಥ ದ್ರವ ಬೆಲ್ಲಕ್ಕೆ) ಎಷ್ಟು ಹೇಳೋಣ? ಹೆಚ್ಚಿನವರು ಪಕ್ಕದ ಮನೆಯವರು ಹೇಳಿದ್ದನ್ನೇ ಹೇಳುತ್ತಾರೆ. ಪಕ್ಕದ ಮನೆಯವರು ಹೋದ ವರ್ಷದ ದರಕ್ಕೆ ಹತ್ತು ರೂಪಾಯಿ ಸೇರಿಸಿರುತ್ತಾರೆ. ಅಸಲು ಎಷ್ಟಾಯಿತು ಅಂತ ಇಬ್ಬರೂ ನೋಡಿರುವುದಿಲ್ಲ. ಗುರುತಿನವರಿಗೆ ಡಬ್ಬಿಗಟ್ಟಲೆ ಕೊಡುವಾಗ ಇದು ಹೇಗೋ ನಡೆಯುತ್ತದೆ. ಬಾಟಲಿಗೆ ತುಂಬಿ, ಲೇಬಲ್ ಅಂಟಿಸಿ ಅಂಗಡಿಗೆ ಕೊಡಲು ಹೊರಟರೆ ನಡೆಯುವುದಿಲ್ಲ. ಒಳ್ಳೆಯ ಜೋನಿ ಮಾಡಿಯೂ ಕೈಸುಟ್ಟುಕೊಂಡು, ಮರುವರ್ಷ ಬಾಟಲಿಯ ಸುದ್ದಿಯೇ ಬೇಡ ಅಂದವರನ್ನು ನೋಡಿದ್ದೇನೆ. ಅವರ ಪಾಕದ ಹದ ಸರಿಯಾಗಿಯೇ ಇತ್ತು. ಲೆಕ್ಕ ಮಾತ್ರ ತಪ್ಪಿತ್ತು.

ಕೆಳಗಿನ ರೂಪಾಯಿಗಳೆಲ್ಲ ಉದಾಹರಣೆಗೆ ಹಿಡಿದವು. ಆ ಜಾಗದಲ್ಲಿ ನಿಮ್ಮ ಮನೆಯ ಅಂಕಿ ಹಾಕಿಕೊಳ್ಳಿ.

ಹಂತ 1: ಅಸಲು ಬರೆಯಿರಿ

ಒಂದು ಟನ್ ಕಬ್ಬು ಅಂತ ಇಟ್ಟುಕೊಳ್ಳೋಣ. ನಮ್ಮದೇ ಗದ್ದೆಯ ಕಬ್ಬು ಅಂತ ಮೊದಲ ಸಾಲಿನಲ್ಲೇ ಸೊನ್ನೆ ಬರೆಯಬೇಡಿ. ಅದನ್ನು ಹಾಗೇ ಮಾರಿದ್ದರೆ ಎಷ್ಟು ಬರುತ್ತಿತ್ತೋ ಅದೇ ಅದರ ಬೆಲೆ. ಸುತ್ತಮುತ್ತ ದರ ಗೊತ್ತಾಗದಿದ್ದರೆ ಕೇಂದ್ರ ಸರ್ಕಾರದ ಎಫ್‌ಆರ್‌ಪಿ, ಅಂದರೆ ಸಕ್ಕರೆ ಕಾರ್ಖಾನೆಗಳು ಕಬ್ಬಿಗೆ ಕೊಡಲೇಬೇಕಾದ ಕನಿಷ್ಠ ದರ ಹಿಡಿಯಿರಿ. 2025–26ರ ಹಂಗಾಮಿಗೆ ಅದು ಕ್ವಿಂಟಲ್‌ಗೆ 355 ರೂಪಾಯಿ, ಅಂದರೆ ಟನ್ನಿಗೆ 3,550. ಕಡಿದು ಹೊರುವುದಕ್ಕೆ 1,200, ಗಾಣದ ಬಾಡಿಗೆ ಮತ್ತು ಡೀಸೆಲ್‌ಗೆ 1,000, ಕಟ್ಟಿಗೆಗೆ 600, ನಾಲ್ಕು ಆಳಿನ ಕೂಲಿ 2,400. ಕೊಪ್ಪರಿಗೆ ಎದುರು ನಿಂತು ನೊರೆ ತೆಗೆದದ್ದು ನೀವೇ ಆದರೂ, ಮನೆಯಾಕೆಯೇ ಆದರೂ, ಅದೂ ಒಂದು ಆಳು. ಕೂಲಿ ಬರೆಯಲೇಬೇಕು. ಒಟ್ಟು 8,750.

ಹಂತ 2: ಮಾರಲು ಉಳಿಯುವುದು ಎಷ್ಟು?

ಟನ್ ಕಬ್ಬಿಗೆ ಸುಮಾರು 600 ಕಿಲೋ ಕಬ್ಬಿನ ಹಾಲು ಬರುತ್ತದೆ. ನೊರೆ ತೆಗೆದು ಕಾಯಿಸಿದರೆ 140 ಕಿಲೋದಷ್ಟು ಜೋನಿ. ಅಷ್ಟೂ ಮಾರಾಟಕ್ಕೆ ಸಿಗುತ್ತದೆಯೇ? ಇಲ್ಲ. ಆಲೆಮನೆಗೆ ಬಂದವರನ್ನು ಬರಿಗೈಲಿ ಕಳಿಸುವ ಪದ್ಧತಿ ನಮ್ಮಲ್ಲಿಲ್ಲ. ಹಾಲು ಕುಡಿಸಿ, ಮಂಡಕ್ಕಿ ಕೊಟ್ಟು, ತಂಬಿಗೆ ತಂದಿದ್ದರೆ ಜೋನಿಯನ್ನೂ ತುಂಬಿಸಿ ಕಳಿಸುತ್ತೇವೆ. ಇದು ನಿಲ್ಲಬಾರದು. ಆದರೆ ಲೆಕ್ಕದಲ್ಲಿ ಕಳೆಯಬೇಕು. ಮನೆಖರ್ಚಿಗೆ ಇಟ್ಟದ್ದು, ಸೋಸುವಾಗ ಬಟ್ಟೆಗೆ, ಡಬ್ಬಿಗೆ ಹಿಡಿದದ್ದೂ ಕಳೆಯಲಿ. 125 ಕಿಲೋ ಉಳಿಯಿತು ಅನ್ನಿ. 8,750ನ್ನು 125ರಿಂದ ಭಾಗಿಸಿದರೆ ಕಿಲೋಗೆ 70 ರೂಪಾಯಿ ಅಸಲು.

ಹಂತ 3: ಲೀಟರ್ ಬಿಡಿ, ಕಿಲೋ ಹಿಡಿಯಿರಿ

ಹೆಚ್ಚಿನವರು ಎಡವುವುದು ಇಲ್ಲಿಯೇ. ದರ ಹೇಳುವುದು ಕಿಲೋ ಲೆಕ್ಕದಲ್ಲಿ, ತುಂಬುವುದು ಲೀಟರ್ ಬಾಟಲಿಯಲ್ಲಿ. ನೀರಿಗಾದರೆ ಎರಡೂ ಒಂದೇ. ಜೋನಿ ನೀರಿಗಿಂತ ತುಂಬಾ ಭಾರ. ಒಳ್ಳೆಯ ಹದದ ಜೋನಿ ಲೀಟರಿಗೆ ಹೆಚ್ಚುಕಮ್ಮಿ 1 ಕಿಲೋ 380 ಗ್ರಾಂ ತೂಗುತ್ತದೆ. ಕಿಲೋಗೆ 110ರಂತೆ ಮಾರುವವರು ಲೀಟರ್ ಬಾಟಲಿಯನ್ನೂ 110ಕ್ಕೇ ಕೊಟ್ಟರೆ ಬಾಟಲಿಗೆ 42 ರೂಪಾಯಿ ಸುಮ್ನೆ ಹೋಯಿತು. ಲೀಟರಿಗೆ ಸಿಗಬೇಕಿದ್ದ ಲಾಭ ಸುಮಾರು 55. ಅದರಲ್ಲಿ ಉಳಿದದ್ದು ಬರೀ 13, ಬಾಟಲಿಯ ಖರ್ಚು ಇನ್ನೂ ಬೇರೆ.

ನಿಮ್ಮ ಜೋನಿಯ ತೂಕ ನೀವೇ ನೋಡಿಕೊಳ್ಳಿ. ಖಾಲಿ ಬಾಟಲಿ ತೂಗಿ ಬರೆದಿಡಿ. ಕತ್ತಿನವರೆಗೆ ನೀರು ತುಂಬಿ, ಅಲ್ಲೊಂದು ಗೆರೆ ಎಳೆದು ತೂಗಿ. ನೀರು ಚೆಲ್ಲಿ, ಬಾಟಲಿ ಪೂರ್ತಿ ಒಣಗಿಸಿ, ಅದೇ ಗೆರೆಗೆ ಜೋನಿ ತುಂಬಿ. ಆಗಷ್ಟೇ ಸುರಿದ ಜೋನಿಯಲ್ಲಿ ಗಾಳಿಗುಳ್ಳೆ ಇರುತ್ತವೆ. ಅವು ಮೇಲೆ ಬಂದು ಒಡೆಯುವವರೆಗೆ ಕಾದು, ಕಡಿಮೆಯಾದಷ್ಟು ಮತ್ತೆ ತುಂಬಿ ತೂಗಿ. ಎರಡರಿಂದಲೂ ಖಾಲಿ ಬಾಟಲಿಯ ತೂಕ ಕಳೆದು, ಜೋನಿಯ ತೂಕವನ್ನು ನೀರಿನ ತೂಕದಿಂದ ಭಾಗಿಸಿ. 1.38ರ ಆಸುಪಾಸು ಬಂದರೆ ಸರಿ. 1.35ಕ್ಕಿಂತ ಕಡಿಮೆ ಬಂತೇ? ನೀರು ಜಾಸ್ತಿ ಉಳಿದಿದೆ, ಮಳೆಗಾಲದಲ್ಲಿ ಹುಳಿ ಬರಬಹುದು. ಅದನ್ನು ಬಾಟಲಿಗೆ ಹಾಕಬೇಡಿ, ಬೇಗ ಖರ್ಚಾಗುವ ಕಡೆ ಕೊಟ್ಟುಬಿಡಿ.

ಅಡುಗೆಮನೆಯ ಅಗ್ಗದ ತಕ್ಕಡಿ ಈ ಕೆಲಸಕ್ಕೆ ಆಗುವುದಿಲ್ಲ. ಬ್ಯಾಟರಿ ಇಳಿದಂತೆ ತೂಕ ಏರುಪೇರಾಗುತ್ತದೆ. ಮಾಪನ ಇಲಾಖೆಯ ಮುದ್ರೆ ಇರುವ ತಕ್ಕಡಿಯನ್ನೇ ಕೊಳ್ಳಿ, ಮಾರಾಟಕ್ಕೆ ಹೇಗೂ ಅದೇ ಬೇಕು. ಇಂಥ ಗಟ್ಟಿ ದ್ರವವನ್ನು ತೂಕದಲ್ಲಿ ಮಾರಬೇಕು ಅಂತ ಪೊಟ್ಟಣ ಸರಕಿನ ನಿಯಮವೂ ಹೇಳುತ್ತದೆ. ಲೇಬಲ್ ಮೇಲೆ ಎಂಎಲ್ ಬೇಡ, ಗ್ರಾಂ ಇರಲಿ.

ಇನ್ನೊಂದು ಮಾತು. ಡಬ್ಬಿಯಲ್ಲಿ ಇಟ್ಟ ಜೋನಿಯ ತಳಕ್ಕೆ ಹರಳು ಕೂರುತ್ತದೆ. ಕಲಕದೆ ತುಂಬಿದರೆ ಮೊದಲ ಬಾಟಲಿಗಳು ತೆಳು, ಕೊನೆಯವು ಬರೀ ಹರಳು. ಬೆಲೆ ಮಾತ್ರ ಒಂದೇ. ಕೊಂಡವರು ಸಕ್ಕರೆ ಬೆರೆಸಿದ್ದಾರೆ ಅಂದುಕೊಳ್ಳುತ್ತಾರೆ. ತಳದಿಂದ ಚೆನ್ನಾಗಿ ಕಲಕಿ ತುಂಬಿ, ಹರಳು ಬರುವುದು ಸಹಜ ಅಂತ ಲೇಬಲ್ ಮೇಲೂ ಬರೆಯಿರಿ.

ಹಂತ 4: ಬಾಟಲಿಯ ಖರ್ಚು

ಅಗಲ ಬಾಯಿಯ ಗಾಜಿನ ಬಾಟಲಿ, ಅರ್ಧ ಕಿಲೋದ್ದು. ನನ್ನನ್ನು ಕೇಳಿದರೆ ಬೇರೆ ಯಾವುದೂ ಬೇಡ. ಅರ್ಧ ಕಿಲೋ ಜೋನಿಗೆ 400 ಎಂಎಲ್ ಬಾಟಲಿ ಸಾಕು. ಕಿರಿದಾದ ಬಾಯಿಯದಾದರೆ ತಳದ ಹರಳು ಹೊರಗೆ ಬರುವುದೇ ಇಲ್ಲ. ಕುಡಿಯುವ ನೀರಿನ ಪ್ಲಾಸ್ಟಿಕ್ ಬಾಟಲಿಗೆ ಬಿಸಿ ಜೋನಿ ಸುರಿದರೆ ಅದು ಮುರುಟಿಕೊಳ್ಳುತ್ತದೆ. ಹಳೇ ಮದ್ಯದ ಬಾಟಲಿ ತೊಳೆದು ತುಂಬುವವರೂ ಇದ್ದಾರೆ. ದಯವಿಟ್ಟು ಬೇಡ, ಮುಚ್ಚಳದ ವಾಸನೆ ಹೋಗುವುದಿಲ್ಲ.

ಜೋನಿ 35 ರೂಪಾಯಿ, ಬಾಟಲಿ ಮತ್ತು ಮುಚ್ಚಳ 20, ಲೇಬಲ್ 4, ತೊಳೆದು ತುಂಬುವ ಕೂಲಿ 6, ಒಡೆದದ್ದಕ್ಕೆ, ಹುಳಿ ಬಂದು ಬದಲಿಸಿ ಕೊಟ್ಟದ್ದಕ್ಕೆ 3. ಒಟ್ಟು 68.

ಹಂತ 5: ಎಂಆರ್‌ಪಿಯನ್ನು ಹಿಂದಿನಿಂದ ಕಟ್ಟಿಕೊಂಡು ಬನ್ನಿ

ನಿಮ್ಮ ಲಾಭ 22 ಅಂತಿಟ್ಟುಕೊಂಡರೆ, ಅಂಗಡಿಯವರಿಂದ ನಿಮ್ಮ ಕೈಗೆ 90 ಬರಬೇಕು. ಅಂಗಡಿಯವರು ನಮಗೆ 25 ಪರ್ಸೆಂಟ್ ಬಿಡಿ ಅನ್ನುತ್ತಾರೆ. ನಮ್ಮವರು 90ಕ್ಕೆ ಅದರ ಕಾಲು ಭಾಗ ಸೇರಿಸಿ 112 ರೂಪಾಯಿ 50 ಪೈಸೆ ಅಂತ ಅಚ್ಚು ಹಾಕಿಸಿ ಬರುತ್ತಾರೆ. ಅಂಗಡಿಯವರು ಕಾಲು ಭಾಗ ಹಿಡಿಯುವುದು ಎಂಆರ್‌ಪಿಯ ಮೇಲೆ. 112.50ರಲ್ಲಿ ಕಾಲು ಹೋದರೆ ನಿಮಗೆ ಸಿಗುವುದು ಸುಮಾರು 84. ಬಾಟಲಿಗೆ ಐದೂವರೆ ರೂಪಾಯಿ ಖೋತಾ. ಒಂದು ಟನ್ ಕಬ್ಬಿನಿಂದ ಬಂದ 250 ಬಾಟಲಿಗೆ 1,400 ರೂಪಾಯಿ!

ಸರಿಯಾದ ದಾರಿ ಇಷ್ಟೇ: ಎಂಆರ್‌ಪಿಯ ಮುಕ್ಕಾಲು ಭಾಗ 90 ಆಗಬೇಕು. 90ನ್ನು 0.75ರಿಂದ ಭಾಗಿಸಿ. 120 ಬರುತ್ತದೆ. ಅಂಗಡಿಯವರು 30 ಪರ್ಸೆಂಟ್ ಕೇಳಿದರೆ 0.70ರಿಂದ ಭಾಗಿಸಿ. ಜಿಎಸ್‌ಟಿ ನೋಂದಣಿ ಇರುವವರು ಲೇಬಲ್ ಹಾಕಿದ ಬೆಲ್ಲಕ್ಕೆ 5 ಪರ್ಸೆಂಟ್ ಸೇರಿಸಿ 126 ಮಾಡಬೇಕು. ಎಂಆರ್‌ಪಿಯಲ್ಲಿ ತೆರಿಗೆ ಒಳಗೇ ಇರಬೇಕು, ಮೇಲೆ ಕೇಳುವಂತಿಲ್ಲ. ನೋಂದಣಿ ಇಲ್ಲದವರು ಜಿಎಸ್‌ಟಿ ಹೆಸರಿನಲ್ಲಿ ಒಂದು ಪೈಸೆಯನ್ನೂ ವಸೂಲಿ ಮಾಡಬಾರದು.

ಲೇಬಲ್ ಮೇಲೆ ಎಂಆರ್‌ಪಿ, ತೂಕ, ಗ್ರಾಂಗೆ ಎಷ್ಟು ಅನ್ನುವುದು (ಇಲ್ಲಿ 24 ಪೈಸೆ), ತಯಾರಿಸಿದ ತಿಂಗಳು, ವಿಳಾಸ, ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ಕೊಟ್ಟ ಸಂಖ್ಯೆ ಇರಲಿ.

ಬಣ್ಣ ನೋಡಿ ಇಳಿಸಬೇಡಿ

ಹೈಡ್ರೋಸ್ ಅನ್ನುವ, ಬಣ್ಣ ತಿಳಿಯಾಗಿಸುವ ರಾಸಾಯನಿಕ ಹಾಕಿದ ಜೋನಿ ಹಳದಿಯಾಗಿ ಹೊಳೆಯುತ್ತದೆ. ಬೆಂಡೆಯ ಲೋಳೆ ಹಾಕಿ ನೊರೆ ತೆಗೆದದ್ದು ಕಂದು. ಕೊಳ್ಳುವವರು ಇದೇನು ಕಪ್ಪಗಿದೆ ಅಂದಾಗ ಹತ್ತು ರೂಪಾಯಿ ಇಳಿಸಿಬಿಡುವವರನ್ನು ನೋಡಿದರೆ ಸಂಕಟವಾಗುತ್ತದೆ. ರಾಸಾಯನಿಕ ಹಾಕದ್ದಕ್ಕೆ ದಂಡ ಕಟ್ಟಬೇಕೇ? ಚಮಚದಲ್ಲಿ ಸ್ವಲ್ಪ ರುಚಿ ನೋಡಲು ಕೊಡಿ, ಬೆಲೆ ಮುಟ್ಟಬೇಡಿ. ಮೇಪಲ್ ಸಿರಪ್ ಅಷ್ಟು ದುಬಾರಿ, ನಮ್ಮದೇಕೆ ಅಗ್ಗ ಅಂತ ಕೇಳುವವರೂ ಇದ್ದಾರೆ. ಮೇಪಲ್ ಮರದ ರಸ 40 ಲೀಟರ್ ಕಾಯಿಸಿದರೆ ಒಂದು ಲೀಟರ್ ಸಿರಪ್. ನಮ್ಮಲ್ಲಿ ಐದಾರು ಲೀಟರ್ ಕಬ್ಬಿನ ಹಾಲಿಗೇ ಒಂದು ಲೀಟರ್ ಜೋನಿ. ಅವರ ದರ ನೋಡಿ ಏರಿಸುವುದೂ ಬೇಡ.

ಹಂತ 6: ಮನೆ ಬಾಗಿಲಿನ ದರ

ಅಂಗಡಿಯಲ್ಲಿ 120ಕ್ಕೆ ಇಟ್ಟ ಬಾಟಲಿಯನ್ನು ಮನೆಗೆ ಬಂದವರಿಗೆ 90ಕ್ಕೆ ಕೊಡಬೇಡಿ. ಸುದ್ದಿ ಅಂಗಡಿಗೆ ಮುಟ್ಟಲು ಒಂದು ದಿನ ಸಾಕು, ಮತ್ತೆ ಅವರು ನಿಮ್ಮ ಬಾಟಲಿ ಇಡುವುದಿಲ್ಲ. ಕಡಿಮೆಗೆ ಬೇಕು ಅನ್ನುವವರು ಪಾತ್ರೆ ತರಲಿ, ಕಿಲೋಗೆ 110ರಂತೆ ತೂಗಿ ಕೊಡಿ. ಬಾಟಲಿಯ ಖರ್ಚಿಲ್ಲ, ಅಂಗಡಿಯ ಪಾಲಿಲ್ಲ, ಇಬ್ಬರಿಗೂ ಲಾಭ. ಬೆಂಗಳೂರಿಗೆ ಕಳಿಸುವುದಾದರೆ ಪಾರ್ಸೆಲ್ ಖರ್ಚನ್ನು ಬೆಲೆಯೊಳಗೆ ತುರುಕಬೇಡಿ, ಬೇರೆಯೇ ಹೇಳಿ. ಗಾಜಿನ ಭಾರಕ್ಕೂ ಬಾಡಿಗೆ ಬೀಳುತ್ತದೆ, ಅಲ್ವಾ?

ಒಮ್ಮೆ ಅಚ್ಚಾದ ಎಂಆರ್‌ಪಿಯ ಮೇಲೆ ಹೆಚ್ಚಿನ ಬೆಲೆಯ ಚೀಟಿ ಅಂಟಿಸುವುದು ಕಾನೂನಿಗೆ ವಿರುದ್ಧ. ಅದಕ್ಕೆ ಒಂದು ಹಂಗಾಮಿಗೆ ಬೇಕಾದಷ್ಟೇ ಲೇಬಲ್ ಮಾಡಿಸಿ. ಮುಂದಿನ ಆಲೆಮನೆಯಲ್ಲಿ ಕೂಲಿ, ಡೀಸೆಲ್ ದರ ನೋಡಿಕೊಂಡು ಮೊದಲ ಹಂತದಿಂದ ಮತ್ತೆ ಲೆಕ್ಕ ಹಾಕಿ.